ಬಾಯಿಯಿದ್ದವರಿಗೇ ಅಂಕವೆ?

ಕಡಿಮೆ ಮಾತಾಡುವವನನ್ನು ಕನ್ನಡದಲ್ಲಿ ನಾವು ‘ಗುಮ್ಮನಗುಸುಕ’ ಎನ್ನುತ್ತೇವೆ. ಉರ್ದುವಿನಲ್ಲಿ ಅಂಥವನಿಗೆ ‘ಘುನ್ನಾ’ ಎಂಬ ಹೆಸರಿದೆ. ಎರಡರಲ್ಲೂ ಇರುವ ಆರೋಪ ಒಂದೇ: ಬಾಯಿ ಬಿಡುತ್ತಿಲ್ಲವೆಂದರೆ ಇವನು ಒಳಗೊಳಗೇ ಏನೋ ಮಸಲತ್ತು ನಡೆಸಿದ್ದಾನೆ! ಹೊಗಳುವುದಕ್ಕೂ ಪದಗಳಿಲ್ಲವೆಂದಲ್ಲ. ಉರ್ದುವಿನಲ್ಲಿ ‘ಕಮ್‌ಸುಖನ್’ ಇದೆ, ಕನ್ನಡದಲ್ಲಿ ‘ಮಿತಭಾಷಿ’ ಇದೆ. ಆದರೆ ಅವನ್ನು ನಾವು ಶ್ರದ್ಧಾಂಜಲಿ ಸಭೆಗಳಿಗೆಂದು ಎತ್ತಿಟ್ಟಿದ್ದೇವೆ. ಕೆಲಸ ಹುಡುಕುತ್ತಿರುವ ಮಿತಭಾಷಿಗೆ ಸಿಗುವುದು ‘ಪರ್ಸನಾಲಿಟಿ ಡೆವಲಪ್‌ಮೆಂಟ್’ ತರಗತಿಯ ಕರಪತ್ರ ಮಾತ್ರ.

ಅಂತರ್ಮುಖಿ, ಬಹಿರ್ಮುಖಿ ಎಂಬ ವಿಂಗಡಣೆಯನ್ನು 1921ರಲ್ಲಿ ತನ್ನ ಗ್ರಂಥವೊಂದರ ಮೂಲಕ ಜನಜನಿತಗೊಳಿಸಿದವನು ಸ್ವಿಟ್ಜರ್‌ಲೆಂಡಿನ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್. ಆತನ ಪಾಲಿಗೆ ಅಂತರ್ಮುಖತೆ ರೋಗವಾಗಿರಲಿಲ್ಲ. ಮನಸ್ಸಿನ ಚೈತನ್ಯ ಹರಿಯುವ ದಿಕ್ಕಾಗಿತ್ತು. ಅಂಜುಬುರುಕತನ ಬೇರೆ, ಅಂತರ್ಮುಖತೆ ಬೇರೆ. ಅಂಜುಬುರುಕನಿಗೆ ಜನರ ಭಯ. ಅಂತರ್ಮುಖಿಗೆ ಭಯವಿಲ್ಲ, ಗದ್ದಲದಲ್ಲಿ ದಣಿವಾಗುತ್ತದೆ, ಅಷ್ಟೆ. ನಮ್ಮ ಮೇಷ್ಟ್ರುಗಳು ಈ ಎರಡನ್ನೂ ಒಂದೇ ಗೋಣಿಚೀಲಕ್ಕೆ ತುಂಬಿ ‘ಚುರುಕಿಲ್ಲ’ ಎಂದು ಬರೆದುಬಿಡುತ್ತಾರೆ.

ಇದು ಬರೀ ಹೆಸರಿನ ಜಗಳವಾಗಿದ್ದರೆ ಸುಮ್ಮನಿರಬಹುದಿತ್ತು. ಇದರಿಂದ ಸೀಟು ಹೋಗಿದೆ, ನೌಕರಿ ಹೋಗಿದೆ. ನಮ್ಮದೇ ಮೈಸೂರು ರಾಜ್ಯದಲ್ಲಿ 1963ರಲ್ಲಿ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನವನ್ನು ಇಡಲಾಯಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡ 25ರಷ್ಟನ್ನು ಅದಕ್ಕೆ ಕೊಡಲಾಯಿತು. ಅಳೆಯಬೇಕಾದ ಗುಣಗಳ ಪಟ್ಟಿಯಲ್ಲಿ ವ್ಯಕ್ತಿತ್ವ, ಆಟೋಟಗಳ ಜೊತೆಗೆ ಚರ್ಚಾಸ್ಪರ್ಧೆ, ನಾಟಕವೂ ಇದ್ದವು. ಹೊಟ್ಟೆ ಕೊಯ್ಯಲಿರುವ ಡಾಕ್ಟರು ಮೊದಲು ನಾಟಕದಲ್ಲಿ ಮಿಂಚಬೇಕೇ ಎಂದು ಕೇಳಬೇಡಿ. ಚಿತ್ರಲೇಖಾ ಎಂಬ ವಿದ್ಯಾರ್ಥಿನಿಯ ಹೆಸರಿನ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ, 1964ರ ಬಹುಮತದ ತೀರ್ಪು ಈ ಪದ್ಧತಿಯನ್ನು ಎತ್ತಿಹಿಡಿಯಿತು.

ನ್ಯಾಯ ಸ್ವಲ್ಪ ಕಣ್ಣು ಬಿಟ್ಟಿದ್ದು ಶ್ರೀನಗರದ ರೀಜನಲ್ ಇಂಜಿನಿಯರಿಂಗ್ ಕಾಲೇಜಿನ ಪ್ರಕರಣದಲ್ಲಿ. ಅಲ್ಲಿ ಲಿಖಿತ ಪರೀಕ್ಷೆಗೆ 100 ಅಂಕ, ಸಂದರ್ಶನಕ್ಕೆ 50. ಎರಡು ಮೂರು ನಿಮಿಷ ಕೂರಿಸಿ ತಂದೆ ಯಾರು, ಊರು ಯಾವುದು ಎಂದು ಕೇಳಿ ಕಳಿಸಿದರೆಂಬುದು ಅರ್ಜಿದಾರರ ದೂರು. ಅಂದರೆ ಮೂರರಲ್ಲಿ ಒಂದು ಪಾಲು ಭವಿಷ್ಯ ಒಂದು ಲೋಟ ಚಹಾ ಆರುವಷ್ಟರಲ್ಲಿ ತೀರ್ಮಾನವಾಯಿತು. 1980ರ ನವೆಂಬರ್‌ನಲ್ಲಿ ಅಜಯ್ ಹಾಸಿಯಾ ಪ್ರಕರಣವೆಂದು ಹೆಸರಾದ ಈ ತೀರ್ಪು, ಪ್ರವೇಶದ ಸಂದರ್ಶನಕ್ಕೆ ಶೇಕಡ 15ಕ್ಕಿಂತ ಹೆಚ್ಚು ಅಂಕ ಕೊಡುವುದು ಮನಸೋಇಚ್ಛೆಯ ಕ್ರಮ ಎಂದಿತು. ಸಂದರ್ಶನವನ್ನು ಟೇಪ್‌ನಲ್ಲಿ ಧ್ವನಿಮುದ್ರಿಸಿಕೊಳ್ಳಿ ಎಂಬ ಸಲಹೆಯನ್ನೂ ಕೊಟ್ಟಿತು. ಎಷ್ಟು ಕಡೆ ಆ ಟೇಪ್ ತಿರುಗಿತೋ, ದೇವರೇ ಬಲ್ಲ.

ಆಮೇಲೆ ಬದಲಾವಣೆಗಳು ಬಂದವು. ಇಂದು ಇಂಜಿನಿಯರಿಂಗ್ ಸೀಟಿಗೆ ಸಿಇಟಿ, ವೈದ್ಯಕೀಯಕ್ಕೆ ನೀಟ್. ಎರಡಕ್ಕೂ ಬಾಯಿ ಬೇಕಿಲ್ಲ. ಕೇಂದ್ರ ಸರ್ಕಾರ ತನ್ನ ಕೆಳದರ್ಜೆಯ ಹುದ್ದೆಗಳಿಗೆ 2016ರಿಂದ ಸಂದರ್ಶನವನ್ನೇ ಕೈಬಿಟ್ಟಿತು. ಆದರೆ ಮುಂದಿನ ಬಾಗಿಲಿನಲ್ಲಿ, ಅಂದರೆ ಖಾಸಗಿ ಕಂಪನಿಗಳ ಮತ್ತು ಎಂಬಿಎ ಕಾಲೇಜುಗಳ ‘ಗ್ರೂಪ್ ಡಿಸ್ಕಷನ್’ನಲ್ಲಿ, ಹಳೆಯ ಪಟ್ಟಿಯೇ ಕೋಟು ಹಾಕಿಕೊಂಡು ಕೂತಿದೆ. ಎಂಟು ಹತ್ತು ಮಕ್ಕಳನ್ನು ಮೇಜಿನ ಸುತ್ತ ಕೂರಿಸಿ, ಮೊದಲು ಬಾಯಿ ಹಾಕಿದವನಿಗೆ ‘ನಾಯಕತ್ವ’ದ ಅಂಕ ಕೊಡುವ ಆಟ! ಉರ್ದು ಶಾಲೆಯಲ್ಲೋ ಕನ್ನಡ ಶಾಲೆಯಲ್ಲೋ ಓದಿ, ಉತ್ತರವನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ಜೋಡಿಸಿಕೊಳ್ಳುತ್ತಿರುವ ಹುಡುಗಿಯ ಸರದಿ ಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಅವಳು ಅಂತರ್ಮುಖಿಯೂ ಆಗಿದ್ದರೆ ಕೇಳುವುದೇ ಬೇಡ.

ಹಾಗೆ ಗುಂಪಿನಲ್ಲಿ ಗದ್ದಲ ಮಾಡುವುದರಿಂದ ಒಳ್ಳೆಯ ಯೋಚನೆ ಹುಟ್ಟುತ್ತದೆಯೆ? ಹುಟ್ಟುತ್ತದೆ ಎಂದು ಜಗತ್ತನ್ನು ನಂಬಿಸಿದವನು ಅಮೆರಿಕದ ಜಾಹೀರಾತು ವ್ಯಾಪಾರಿ ಅಲೆಕ್ಸ್ ಆಸ್‌ಬಾರ್ನ್. ಅದಕ್ಕೆ ಆತ ಇಟ್ಟ ಹೆಸರು ‘ಬ್ರೈನ್‌ಸ್ಟಾರ್ಮಿಂಗ್’. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ ನೋಡಿದಾಗ ಕಂಡದ್ದೇ ಬೇರೆ. ನಾಲ್ವರು ಒಟ್ಟಿಗೆ ಕೂತು ಹೇಳಿದ್ದಕ್ಕಿಂತ, ಬೇರೆ ಬೇರೆ ಕೂತ ನಾಲ್ವರು ಕೊಟ್ಟ ಹೊಳಹುಗಳನ್ನು ಒಟ್ಟುಗೂಡಿಸಿದರೆ ಹೆಚ್ಚುಕಡಿಮೆ ಎರಡು ಪಟ್ಟು ಇದ್ದವು. ಒಬ್ಬ ಮಾತಾಡುವಾಗ ಉಳಿದವರು ಸರದಿಗೆ ಕಾಯಬೇಕು, ಕಾಯುವಷ್ಟರಲ್ಲಿ ಹೊಳೆದದ್ದು ಆರಿಹೋಗುತ್ತದೆ ಎಂಬ ಕಾರಣವನ್ನು 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ಎಂಬ ಇಬ್ಬರು ಸಂಶೋಧಕರು ತೋರಿಸಿಕೊಟ್ಟರು.

ಇಷ್ಟು ಹೇಳಿದ ಮಾತ್ರಕ್ಕೆ ನಾವು ಮಾತುಗಾರರ ವೈರಿಗಳಲ್ಲ. ವಕೀಲನಿಗೆ, ಮಾರಾಟಗಾರನಿಗೆ ಬಾಯಿಯೇ ಬಂಡವಾಳ. ಅಮೆರಿಕದ ಪಿಜ್ಜಾ ಅಂಗಡಿಗಳನ್ನು ಕುರಿತು 2011ರಲ್ಲಿ ಬಂದ ಅಧ್ಯಯನವೊಂದು ಎರಡೂ ಕಡೆಗೆ ನ್ಯಾಯ ಹೇಳಿದೆ: ಹೇಳಿದಷ್ಟೇ ಮಾಡುವ ನೌಕರರಿದ್ದ ಅಂಗಡಿಗಳಿಗೆ ಬಹಿರ್ಮುಖಿ ಯಜಮಾನನಿಂದ ಲಾಭ, ತಾವೇ ಸಲಹೆ ಕೊಡುವ ನೌಕರರಿದ್ದ ಅಂಗಡಿಗಳಿಗೆ ಅಂತರ್ಮುಖಿಯಿಂದ ಲಾಭ. ಏಕೆಂದರೆ ಅವನಿಗೆ ಕೇಳಿಸಿಕೊಳ್ಳುವುದು ಗೊತ್ತು. ನಮ್ಮ ಸಂಘ, ಅಂಜುಮನ್, ಟ್ರಸ್ಟ್‌ಗಳಲ್ಲಿ ಅಂಥವರನ್ನು ಯಾವತ್ತಾದರೂ ಅಧ್ಯಕ್ಷರನ್ನಾಗಿ ಮಾಡಿದ್ದೇವೆಯೆ? ಇಲ್ಲ. ಅವರ ಕೈಗೆ ಲೆಕ್ಕದ ಪುಸ್ತಕ ಕೊಟ್ಟು, ಮೈಕನ್ನು ಇನ್ನೊಬ್ಬರಿಗೆ ಕೊಡುತ್ತೇವೆ.

ನಾವು ಕೇಳುತ್ತಿರುವುದು ದಯೆಯನ್ನಲ್ಲ. ಗುಂಪುಚರ್ಚೆಗೆ ಮುನ್ನ ಹತ್ತು ನಿಮಿಷ ಎಲ್ಲರೂ ಕಾಗದದ ಮೇಲೆ ಬರೆಯಲಿ, ಆ ಕಾಗದಕ್ಕೂ ಅಂಕವಿರಲಿ. ತರಗತಿಯಲ್ಲಿ ಪ್ರಶ್ನೆ ಕೇಳಿದ ಮೇಲೆ ಮೊದಲು ಎದ್ದ ಕೈಯನ್ನೇ ಆರಿಸದೆ, ಹತ್ತು ಎಣಿಸುವಷ್ಟು ಹೊತ್ತು ಮೇಷ್ಟ್ರು ಸುಮ್ಮನಿರಲಿ. ಇದಕ್ಕೆ ಸರ್ಕಾರದ ಆದೇಶವೂ ಬೇಕಿಲ್ಲ, ಅನುದಾನವೂ ಬೇಕಿಲ್ಲ.