ಹಂಡೆಯ ನೀರೂ ತಲೆಯ ಮಿದುಳೂ

ಮನುಷ್ಯನ ನಡತೆಗೆ ಮೂಲವೆಲ್ಲಿ ಎಂಬ ಪ್ರಶ್ನೆ ಬಹು ಹಳೆಯದು. ಪೂರ್ವಕರ್ಮವೆಂದು ಕೆಲವರೂ, ಗ್ರಹಚಾರವೆಂದು ಕೆಲವರೂ, ಸಹವಾಸದೋಷವೆಂದು ಇನ್ನು ಕೆಲವರೂ ಹೇಳುತ್ತ ಬಂದಿದ್ದಾರೆ. ತಲೆಯ ಚಿಪ್ಪಿನೊಳಗೆ ಸುಮಾರು 1,400 ಗ್ರಾಂ ತೂಕದ ಮಿದುಳೊಂದಿದೆ. ನಡೆಯೂ ನುಡಿಯೂ ಭಯವೂ ಹಂಬಲವೂ ಅದರ ಬೇರೆಬೇರೆ ಭಾಗಗಳನ್ನು ಆಶ್ರಯಿಸಿಕೊಂಡಿವೆ ಎಂಬುದನ್ನು ಓದಿದವರೆಲ್ಲರೂ ಬಾಯಲ್ಲಿ ಒಪ್ಪುತ್ತಾರೆ. ಆದರೆ ಬಾಯಲ್ಲಿ ಒಪ್ಪಿದ್ದನ್ನು ಮನೆಯಲ್ಲಿ ನಡೆಸುವವರು ಎಷ್ಟು ಮಂದಿ? ಇದಕ್ಕೆ ಪರೀಕ್ಷೆ ಬೇಕಾದರೆ ದೂರ ಹೋಗಬೇಕಾಗಿಲ್ಲ. ರಾಮನಗರ ತಾಲ್ಲೂಕಿನ ಕೈಲಾಂಚ ಹೋಬಳಿಯ ಬಚ್ಚಲುಮನೆಗಳೇ ಸಾಕು.

ಈ ಸೀಮೆಯಲ್ಲಿ ತಲೆಗೆ ಸ್ನಾನವೆಂದರೆ ಏನೆಂಬುದು ಎಲ್ಲರಿಗೂ ಗೊತ್ತು. ವಾರಕ್ಕೊಮ್ಮೆಯೋ ಹಬ್ಬಕ್ಕೊಮ್ಮೆಯೋ ಹಂಡೆಗೆ ಉರಿಹಾಕಿ, ಮೈಗೆ ಎಣ್ಣೆಯಿಟ್ಟು, ಮೈ ಕೆಂಪೇರುವಷ್ಟು ಬಿಸಿಯಾದ ನೀರನ್ನು ಚೊಂಬಿನ ಮೇಲೆ ಚೊಂಬು ತಲೆಯ ಮೇಲೆ ಹೊಯ್ಯುವುದು. ನೀರು ತುಂಬುವ ಹಬ್ಬವೆಂದು ದೀಪಾವಳಿಗೆ ಹೆಸರೇ ಉಂಟು. ಹೀಗೆ ಮೀಯುತ್ತಿರುವಾಗಲೇ ಕೆಲವರಿಗೆ, ವಿಶೇಷವಾಗಿ ಹುಡುಗರಿಗೆ, ಇದ್ದಕ್ಕಿದ್ದಂತೆ ದೃಷ್ಟಿ ನಿಲ್ಲುತ್ತದೆ, ಅಂಜಿಕೆ ಕವಿಯುತ್ತದೆ, ಸಂಬಂಧವಿಲ್ಲದ ಮಾತು ಬಾಯಿಂದ ಹೊರಡುತ್ತದೆ, ಇಲ್ಲದ ರೂಪ ಕಾಣಿಸುತ್ತದೆ, ಇಲ್ಲದ ದನಿ ಕೇಳಿಸುತ್ತದೆ, ಕೆಲವರು ಸೆಟೆದು ಬೀಳುತ್ತಾರೆ. ಕಂಡವರು 'ಗಾಳಿ ಮೆಟ್ಟಿತು' ಎನ್ನುತ್ತಾರೆ. ನೀರೊಲೆಯ ಮೂಲೆಯಲ್ಲಿ ಏನೋ ಇದೆಯೆಂದು ಬಚ್ಚಲನ್ನೇ ಬದಲಿಸಿದವರೂ ಉಂಟು.

ಇದು ಗಾಳಿಯಲ್ಲ. ಇದಕ್ಕೆ ಬಿಸಿನೀರಿನ ಮೂರ್ಛೆರೋಗವೆಂದು ವೈದ್ಯರು ಹೆಸರಿಟ್ಟಿದ್ದಾರೆ. 1945ರಲ್ಲಿ ನ್ಯೂಜಿಲೆಂಡಿನಿಂದ ಇದರ ಮೊದಲ ವರದಿ ಬಂದಿತು. 1968ರಲ್ಲಿ ಡಾಕ್ಟರ್ ಕೆ. ಎಸ್. ಮಣಿಯವರೂ ಅವರ ಸಂಗಡಿಗರೂ ಬೆಂಗಳೂರಿನಿಂದ ಇದನ್ನು ವರ್ಣಿಸಿ ಪ್ರಕಟಿಸಿದರು. 1988ರಲ್ಲಿ ಡಾಕ್ಟರ್ ಪಿ. ಸತೀಶ್‌ಚಂದ್ರರೂ ಸಹೋದ್ಯೋಗಿಗಳೂ 279 ಮಂದಿ ರೋಗಿಗಳ ವೃತ್ತಾಂತವನ್ನು ಕ್ರೋಡೀಕರಿಸಿದರು. ಲೋಕದಲ್ಲೆಲ್ಲ ಅಪರೂಪವಾದ ಈ ಬೇನೆ ದಕ್ಷಿಣ ಕರ್ನಾಟಕದಲ್ಲಿ ಮಾತ್ರ ಸಾಮಾನ್ಯವಾಗಿರುವುದು ಕಂಡುಬಂದಿತು. ಯಳಂದೂರಿನಲ್ಲಿ ಮನೆಮನೆಗೆ ಹೋಗಿ ಎಣಿಸಿದಾಗ ಲಕ್ಷಕ್ಕೆ 255 ಮಂದಿಯಲ್ಲಿಯೂ, ಬೆಂಗಳೂರಿನ ಸುತ್ತಮುತ್ತಣ ಊರುಕೇರಿಗಳ ಸಮೀಕ್ಷೆಯಲ್ಲಿ ಲಕ್ಷಕ್ಕೆ 60 ಮಂದಿಯಲ್ಲಿಯೂ ಇದು ತೋರಿತು. ಭೂತಗಳಿಗೆ ಈ ಸೀಮೆಯ ಮೇಲೆ ಇಷ್ಟು ಮಮತೆ ಏಕೆ ಎಂಬುದಕ್ಕೆ ಮಂತ್ರವಾದಿಗಳಲ್ಲಿ ಉತ್ತರವಿಲ್ಲ. ತಲೆಗೆ ನೀರು ಹೊಯ್ಯುವ ಪದ್ಧತಿಯನ್ನು ನೋಡಿದ ವೈದ್ಯನಲ್ಲಿ ಉಂಟು.

ಅದರ ಬಗೆ ಹೀಗೆ. ನೀರಿನ ಬಿಸಿಯೊಂದೇ ಕಾರಣವಾಗಿದ್ದರೆ ಹಂಡೆಯ ನೀರು ಮೀಯುವ ಎಲ್ಲರೂ ಬೀಳಬೇಕಾಗಿತ್ತು. ರಾಮನಗರದಲ್ಲಿ ದಿನವೆಲ್ಲ ಬಿಸಿನೀರಿನಲ್ಲಿ ರೇಷ್ಮೆಗೂಡಿನ ನೂಲು ಬಿಚ್ಚುವವರು ಮೊದಲು ಬೀಳಬೇಕಾಗಿತ್ತು. ಹಾಗಾಗುವುದಿಲ್ಲ. ರೋಗಕ್ಕೆ ಎರಡು ಕೂಡಬೇಕು: ಹುಟ್ಟಿನಿಂದ ಬಂದ ಒಂದು ಬಗೆಯ ಮಿದುಳು, ಮತ್ತು ತಲೆಯ ಮೇಲೆ ಒಂದೇ ಸಮನೆ ಬೀಳುವ 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು. ದೇಹದ ಶಾಖವನ್ನು ಹದದಲ್ಲಿಡುವ ಭಾಗವೊಂದು ಮಿದುಳಿನ ಅಡಿಯಲ್ಲಿದೆ. ಹೈಪೋಥಲಾಮಸ್ ಎಂದು ಅದರ ಹೆಸರು. ಕಿವಿಯ ನೇರಕ್ಕೆ ಒಳಗಡೆ ಇರುವ ಕಪೋಲಭಾಗದ ಒಳಮೈಯಲ್ಲಿ ಭಯಕ್ಕೂ ನೆನಪಿಗೂ ಸಂಬಂಧಪಟ್ಟ ಅಂಗಗಳಿವೆ. ಬೇನೆ ಬಂದ ಕಾಲದಲ್ಲಿ ಚಿತ್ರ ತೆಗೆದು ನೋಡಿದಾಗ ಈ ಎರಡು ಎಡೆಗಳಲ್ಲಿಯೇ ಚಟುವಟಿಕೆ ಕೆರಳಿರುವುದು ಕಂಡಿತು. ಕೆಲವು ಮನೆತನಗಳಲ್ಲಿ ಇದು ವಂಶದಲ್ಲಿ ಇಳಿದುಬರುತ್ತದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ಅಂತಹ ಮನೆತನಗಳನ್ನು ಪರೀಕ್ಷಿಸಿ ನಾಲ್ಕನೆಯ ಮತ್ತು ಹತ್ತನೆಯ ವರ್ಣತಂತುಗಳಲ್ಲಿ ಅದರ ನೆಲೆಗಳನ್ನು ಗುರುತಿಸಿದ್ದಾರೆ. ಅಂಜಿಕೆಯ ಎಡೆ ಕೆರಳಿದರೆ ಅಂಜಿಕೆ ಹುಟ್ಟುತ್ತದೆ, ಎದುರಿಗೆ ಅಂಜತಕ್ಕ ವಸ್ತು ಇರಬೇಕಾಗಿಲ್ಲ. ಮಗು ಕಂಡೆನೆಂದ ದೆವ್ವಕ್ಕೆ ನೆಲೆ ಇಲ್ಲಿಯೇ, ನೀರೊಲೆಯ ಮೂಲೆಯಲ್ಲಲ್ಲ.

ಇದರಲ್ಲಿ ಇನ್ನೂ ಒಂದು ಸೋಜಿಗವುಂಟು. ಈ ರೋಗಿಗಳಲ್ಲಿ ಹತ್ತರಲ್ಲಿ ಒಬ್ಬರಷ್ಟು ಮಂದಿಗೆ ಬೇನೆ ತೊಡಗುವಾಗ ಒಂದು ಬಗೆಯ ಸುಖ ತೋರಿ, ಇನ್ನೂ ಹೊಯ್ದುಕೊಳ್ಳಬೇಕೆಂಬ ತಡೆಯಲಾರದ ಆಸೆ ಹುಟ್ಟುತ್ತದೆ. ಅವರು ಎಚ್ಚರ ತಪ್ಪುವವರೆಗೂ ನೀರು ಸುರಿದುಕೊಳ್ಳುತ್ತಾರೆ. ತಾಯಿ ಹೊರಗಿನಿಂದ 'ಸಾಕು ಬಾರೋ' ಎಂದು ಕೂಗಿದರೂ ಕೈ ನಿಲ್ಲುವುದಿಲ್ಲ. ಹಿರಿಯರು ಇದನ್ನು ಹಠವೆಂದು ತಿಳಿದು ಹೊಡೆಯುತ್ತಾರೆ. ಮಿದುಳಿನ ರಚನೆ ನಡತೆಯನ್ನು ರೂಪಿಸುತ್ತದೆ ಎಂಬ ಮಾತಿಗೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ಬೇಕೆ? ಹಠದ ರೂಪ ತಾಳಿದ್ದು ರೋಗ. ಏಟು ಬಿದ್ದದ್ದು ಮಗುವಿಗೆ.

ಮಂತ್ರವಾದಿಯ ಪಕ್ಷದವರು ಒಂದು ಅನುಭವವನ್ನು ಮುಂದಿಡುತ್ತಾರೆ: 'ಕೈಗೆ ಕಬ್ಬಿಣ ಹಿಡಿಸಿದೆವು, ಬೇನೆ ನಿಂತಿತು, ಇದು ಕಣ್ಣಾರೆ ಕಂಡದ್ದು.' ಕಂಡದ್ದು ನಿಜ, ತಿಳಿದದ್ದು ತಪ್ಪು. ಸಾಮಾನ್ಯವಾದ ಬೇನೆ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಬೀಗದ ಕೈ ಹುಡುಕಿ ತರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಕಬ್ಬಿಣದ ಬದಲು ಸೌಟು ಹಿಡಿಸಿದ್ದರೂ, ಏನನ್ನೂ ಹಿಡಿಸದಿದ್ದರೂ ನಿಲ್ಲುತ್ತಿತ್ತು. ಈ ಕಬ್ಬಿಣದಿಂದ ಕೇಡಿಲ್ಲವೆಂದು ಸುಮ್ಮನಿರಬಹುದು. ಅದನ್ನೇ ಕಾಯಿಸಿ ಬರೆಯೆಳೆಯುವಾಗ ಸುಮ್ಮನಿರತಕ್ಕದ್ದಲ್ಲ. ಅಮಾನವೀಯ ಆಚರಣೆಗಳನ್ನೂ ವಾಮಾಚಾರವನ್ನೂ ತಡೆಯಲು ಕರ್ನಾಟಕದ ಶಾಸನಸಭೆ 2017ರಲ್ಲಿ ಕಾನೂನು ಮಾಡಿದೆ. ಕಾನೂನು ಬರುವುದಕ್ಕೆ ಮೊದಲೇ ವಿವೇಕ ಬರಬೇಕಾಗಿತ್ತು.

ಇದು ಪರದೇಶದ ವಿದ್ಯೆಯೆಂದೂ ಹಿರಿಯರ ಮಾತಿಗೆ ವಿರೋಧವೆಂದೂ ಕೆಲವರು ಆಕ್ಷೇಪಿಸಬಹುದು. ಚರಕಸಂಹಿತೆ ಅಪಸ್ಮಾರವನ್ನು ರೋಗಗಳ ಸಾಲಿನಲ್ಲಿಟ್ಟು, ಅದಕ್ಕೆ ನಿದಾನವನ್ನೂ ಚಿಕಿತ್ಸೆಯನ್ನೂ ಬೇರೆಬೇರೆ ಅಧ್ಯಾಯಗಳಲ್ಲಿ ಹೇಳಿದೆ. ಗ್ರೀಕರಲ್ಲಿ ಹಿಪೊಕ್ರಟೀಸನ ಹೆಸರಿನಲ್ಲಿ ಬಂದ ಗ್ರಂಥವೊಂದು, ಸುಮಾರು ಎರಡು ಸಾವಿರದ ನಾಲ್ಕುನೂರು ವರ್ಷಗಳ ಹಿಂದೆಯೇ, ದೈವದ ರೋಗವೆನಿಸಿಕೊಂಡ ಮೂರ್ಛೆ ಉಳಿದ ರೋಗಗಳಿಗಿಂತ ಹೆಚ್ಚು ದೈವಿಕವಲ್ಲವೆಂದೂ, ಅದರ ಮೂಲ ಮಿದುಳಿನಲ್ಲಿದೆಯೆಂದೂ ವಾದಿಸಿತು. ನಟರಾಜನ ವಿಗ್ರಹವನ್ನು ನೋಡಿದವರೆಲ್ಲರೂ ಅವನ ಪಾದದ ಕೆಳಗಿನ ಕುಳ್ಳನನ್ನು ನೋಡಿದ್ದಾರೆ. ಆ ಕುಳ್ಳನ ಹೆಸರು ಅಪಸ್ಮಾರ. ಹಿರಿಯರು ಅವನನ್ನು ಪೂಜೆಯ ಪೀಠದಲ್ಲಿಡಲಿಲ್ಲ. ಕಾಲಿನ ಕೆಳಗೆ ಇಟ್ಟರು.

ಈಗ ಇನ್ನೊಂದು ಪಕ್ಷದ ವಿಚಾರ. ಹೊಸದಾಗಿ ಓದಿದ ಕೆಲವರು, 'ಎಲ್ಲವೂ ಮಿದುಳಿನ ಆಟವಾದ ಮೇಲೆ ಯಾರನ್ನು ಹೊಗಳುವುದು, ಯಾರನ್ನು ದೂರುವುದು? ಕಳ್ಳನಿಗೂ ಕುಡುಕನಿಗೂ ಮಿದುಳೇ ಹೊಣೆ' ಎನ್ನುತ್ತಾರೆ. ಇದು ಗ್ರಹಚಾರವಾದದ ಮರುಹುಟ್ಟು. ಶನಿಯ ಜಾಗದಲ್ಲಿ ಮಿದುಳನ್ನು ಕೂರಿಸಿದ್ದಾರೆ, ಅಷ್ಟೆ. ಬಿಸಿನೀರಿನ ಬೇನೆಯೇ ಇದಕ್ಕೂ ಉತ್ತರ ಹೇಳುತ್ತದೆ. ಅದೇ ಬಗೆಯ ಮಿದುಳುಳ್ಳವನು ತಲೆಗೆ ಬಿಸಿನೀರು ಹೊಯ್ದುಕೊಳ್ಳದ ನಾಡಿನಲ್ಲಿ ಹುಟ್ಟಿದ್ದರೆ ಈ ಬೇನೆಯನ್ನು ಕಾಣದೆಯೇ ಬಾಳಿಯಾನು. ಮಿದುಳು ಒಲವನ್ನು ಕೊಡುತ್ತದೆ. ಪದ್ಧತಿ ಅದಕ್ಕೆ ಎಡೆ ಕೊಡುತ್ತದೆ. ಬೇನೆಯ ಗಳಿಗೆಯಲ್ಲಿ ಹುಡುಗನ ಕೈಗೆ ಹುಡುಗನು ಹೊಣೆಯಲ್ಲ, ಸರಿ. ಆದರೆ ಉಳಿದ ದಿನಗಳಲ್ಲಿ ಅವನೂ ಅವನ ಮನೆಯವರೂ ಯೋಚಿಸಬಲ್ಲರು, ಏರ್ಪಾಡು ಮಾಡಬಲ್ಲರು. ಯೋಚಿಸುವ ಶಕ್ತಿಯೂ ಮಿದುಳಿನದೇ. ಒಂದು ಮೂಲೆ ಕೆರಳುತ್ತದೆಂದು ಉಳಿದ ಮಿದುಳೆಲ್ಲವೂ ರಜೆ ಪಡೆಯುವುದಿಲ್ಲ.

ಮಾಡಬೇಕಾದ ಏರ್ಪಾಡು ದೊಡ್ಡದೇನೂ ಅಲ್ಲ. ನೀರನ್ನು ಉಗುರುಬೆಚ್ಚಗೆ ಮಾಡುವುದು. ತಲೆಯ ಮೇಲೆ ಸುರಿಯುವುದನ್ನು ಬಿಟ್ಟು ಒದ್ದೆಬಟ್ಟೆಯಿಂದ ಒರಸುವುದು. ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಗೊಡದಿರುವುದು. ಇಷ್ಟರಿಂದಲೇ ಅನೇಕರಿಗೆ ಗುಣವಾಗುತ್ತದೆ. ಸಾಲದವರಿಗೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ವೈದ್ಯರು ಕ್ಲೋಬಜಾಮ್ ಎಂಬ ಗುಳಿಗೆಯನ್ನು ಕೊಡುವುದುಂಟು. ಕೆಲವರಿಗೆ ಮುಂದೆ ಸ್ನಾನವಿಲ್ಲದೆಯೂ ಬೇನೆ ಬರುವುದರಿಂದ ಅಂಥವರಿಗೆ ದಿನವೂ ಔಷಧ ಬೇಕು. ಬಿದ್ದವರನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಇದಕ್ಕೆ ಮಂತ್ರವೂ ಬೇಡ, ತಾಯಿತವೂ ಬೇಡ.

ಹಾಗಾದರೆ ಅಡ್ಡಿಯೆಲ್ಲಿ? ಅಡ್ಡಿ ಹಳ್ಳಿಗರ ಅಜ್ಞಾನದಲ್ಲಿದೆಯೆಂದು ಓದಿದವರು ಹೇಳುವುದು ವಾಡಿಕೆ. ಇದು ಅರ್ಧ ಸತ್ಯ. ಹಳ್ಳಿಗನು ತಿಳಿಯದೆ ದೇವಸ್ಥಾನಕ್ಕೆ ಕರೆದೊಯ್ಯುತ್ತಾನೆ. ಕರೆದೊಯ್ಯುವುದನ್ನು ಹತ್ತು ಜನ ನೋಡುತ್ತಾರೆ. ಯಾರಾದರೊಬ್ಬರು ಆಸ್ಪತ್ರೆಯ ದಾರಿ ತೋರಿಸಿಯಾರು. ಓದಿದ ಮನೆಗಳಲ್ಲಿ ನಡೆಯುವುದು ಬೇರೆ. ಅಲ್ಲಿ ರೋಗದ ಹೆಸರು ಗೊತ್ತು, ಔಷಧವೂ ಗೊತ್ತು; ಆದರೆ ಮಗಳ ಮದುವೆ ತಪ್ಪೀತೆಂದು ಗುಟ್ಟು ಮಾಡುತ್ತಾರೆ. ನೋಡಿದವರು ಕೇಳಿಯಾರೆಂದು ಗುಳಿಗೆಯ ಸೀಸೆಯನ್ನು ಪೆಟ್ಟಿಗೆಯ ತಳದಲ್ಲಿಡುತ್ತಾರೆ. ಗಂಡನ ಮನೆಗೆ ಹೋದ ಹುಡುಗಿ ಔಷಧ ಬಿಡುತ್ತಾಳೆ. ಹೊಸ ಮನೆಯ ಬಚ್ಚಲಿನಲ್ಲಿ ಅತ್ತೆ ಹಬ್ಬದ ನೀರು ಹೊಯ್ಯುತ್ತಾರೆ. ಆಮೇಲೆ ನಡೆಯುವುದನ್ನು ಊಹಿಸುವುದು ಕಷ್ಟವಲ್ಲ. ಹಿಂದೂ ವಿವಾಹದ ಕಾನೂನಿಗೆ 1976ರಲ್ಲಿ ಸೇರಿದ್ದ ಮೂರ್ಛೆರೋಗದ ಅಡ್ಡಿಯನ್ನು 1999ರ ತಿದ್ದುಪಡಿ ತೆಗೆದುಹಾಕಿತು. ಕಾನೂನಿನ ಪುಸ್ತಕದಿಂದ ಹೊರಬಿದ್ದ ಕಳಂಕ ಜಾತಕದ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಅದನ್ನು ಕಾಪಾಡುತ್ತಿರುವವರು ಓದುಬರಹ ಬಲ್ಲವರೇ.

ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಹುಚ್ಚರ ಆಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಹೆಸರು ಬದಲಾಯಿಸಿದರು. 1954ರಲ್ಲಿ ಅದರ ಮಗ್ಗುಲಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತಲೆಯೆತ್ತಿತು. 1974ರಲ್ಲಿ ಎರಡೂ ಕೂಡಿ ಇಂದು ನಿಮ್ಹಾನ್ಸ್ ಎನಿಸಿಕೊಂಡಿರುವ ಸಂಸ್ಥೆಯಾದವು. ಬಿಸಿನೀರಿನ ಬೇನೆಯನ್ನು ಲೋಕಕ್ಕೆ ತಿಳಿಸಿಕೊಟ್ಟವರಲ್ಲಿ ಈ ಸಂಸ್ಥೆಯವರು ಮುಂದಾಳುಗಳು. ಕೈಲಾಂಚದಿಂದ ಅಲ್ಲಿಗೆ ಅರ್ಧ ದಿನದ ದಾರಿಯೂ ಇಲ್ಲ. ಇಷ್ಟು ಹತ್ತಿರದಲ್ಲಿ ದೊರೆತ ಜ್ಞಾನ ಬಚ್ಚಲುಮನೆಯ ಹೊಸ್ತಿಲನ್ನು ದಾಟದಿದ್ದರೆ ದೋಷ ಜ್ಞಾನದ್ದಲ್ಲ, ದಾರಿಯದೂ ಅಲ್ಲ. ಮಗುವಿನ ತಲೆಯೊಳಗಿನ ಮಿದುಳನ್ನು ತಾಯಿತಂದೆಗಳು ಆರಿಸಿ ಕೊಟ್ಟದ್ದಲ್ಲ. ಹಂಡೆಗೆ ಉರಿ ಹಾಕುವವರು ಮಾತ್ರ ಅವರೇ. ಮೊದಲನೆಯದಕ್ಕೆ ನಾಚಬೇಕಾಗಿಲ್ಲ. ಎರಡನೆಯದರ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ.