ಕೆಳಗೆ ಮಳಿಗೆ, ಮೇಲೆ ಮನೆ: ಗೋಡೆಯ ಲೆಕ್ಕ ಯಾರದು?

ಇಳಕಲ್ಲಿನ ಪೇಟೆಯಲ್ಲಿ ಏಳುತ್ತಿರುವ ಹೊಸ ಕಟ್ಟಡಗಳಲ್ಲಿ ಒಂದು ಮಾದರಿ ಮತ್ತೆ ಮತ್ತೆ ಕಾಣುತ್ತದೆ. ಕೆಳಗೆ ಸಾಲು ಶಟರ್‌ಗಳ ಮಳಿಗೆ, ಅದರ ಮೇಲೆ ಎರಡು-ಮೂರು ಅಂತಸ್ತಿನ ಮನೆ. ಬಾಗಲಕೋಟೆ, ಹುನಗುಂದ, ಬಾದಾಮಿಯ ದೊಡ್ಡ ರಸ್ತೆಗಳಲ್ಲೂ ಇದೇ ನೋಟ. ಮಳಿಗೆಯಿಂದ ಬಾಡಿಗೆ ಬರುತ್ತದೆ, ಮನೆಮಂದಿ ಮೇಲೆ ಇರುತ್ತಾರೆ. ಹೀಗೆ ಕಟ್ಟುವುದು ತಪ್ಪಲ್ಲ. ಆದರೆ ಮೇಲಿನ ಅಂತಸ್ತುಗಳಲ್ಲಿ ಗೋಡೆ ತುಂಬಿಸಿ ಕೆಳಗಿನದನ್ನು ಬರಿದು ಬಿಟ್ಟರೆ ಭೂಕಂಪದಲ್ಲಿ ಕಟ್ಟಡ ಹೇಗೆ ವರ್ತಿಸುತ್ತದೆ ಎಂದು ಯೋಚಿಸದೆ ಕಟ್ಟುವುದು ತಪ್ಪು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿ ನಡುಗಿದಾಗ ಮಣ್ಣು-ಕಲ್ಲಿನ ದಪ್ಪ ಗೋಡೆಯ ಮನೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಸಾವಿರಾರು ಜನ ಸತ್ತರು. ಆಗಿನ ಭೂಕಂಪ ನಕ್ಷೆಯಲ್ಲಿ ಆ ಸೀಮೆ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 2002ರಲ್ಲಿ ಆ ವಲಯವನ್ನೇ ನಕ್ಷೆಯಿಂದ ತೆಗೆಯಲಾಯಿತು. ಕಿಲ್ಲಾರಿಯ ಸುದ್ದಿ ಕೇಳಿದ ನಮ್ಮ ಜನ ಒಂದು ನಿರ್ಧಾರಕ್ಕೆ ಬಂದರು: ಮಣ್ಣಿನ ಮಾಳಿಗೆ ಅಪಾಯ, ಪಿಲ್ಲರ್ ಹಾಕಿದ ಮನೆ ಭದ್ರ.

ಆ ನಂಬಿಕೆಯ ಅರ್ಧ ಭಾಗವನ್ನು 2001ರ ಜನವರಿ 26ರ ಭುಜ್ ಭೂಕಂಪ ಸುಳ್ಳು ಮಾಡಿತು. ಭೂಕಂಪದ ಕೇಂದ್ರದಿಂದ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಪಿಲ್ಲರ್-ಬೀಮಿನ ಬಹುಮಹಡಿ ಕಟ್ಟಡಗಳು ನೆಲಕ್ಕೆ ಕುಸಿದವು. ಅವುಗಳಲ್ಲಿ ಹೆಚ್ಚಿನವು ಕೆಳಗೆ ವಾಹನ ನಿಲ್ಲಿಸಲು ಖಾಲಿ ಬಿಟ್ಟಂಥವು. ಅಲ್ಲಿನ ಆಳವಾದ ಮೆಕ್ಕಲು ಮಣ್ಣು ಕಂಪನವನ್ನು ಹೆಚ್ಚಿಸಿತ್ತು, ನಿಜ. ಆದರೆ ಅದೇ ಊರಿನಲ್ಲಿ, ಕೆಳಗೂ ಗೋಡೆಯಿದ್ದ ಅನೇಕ ಕಟ್ಟಡಗಳು ನಿಂತೇ ಇದ್ದವು.

ಕಾರಣ ಗೋಡೆಯಲ್ಲೇ ಇದೆ. ಪಿಲ್ಲರ್ ಮತ್ತು ಬೀಮಿನ ಚೌಕಟ್ಟು ನೆಲ ಅಲುಗಿದಾಗ ಪಕ್ಕಕ್ಕೆ ಬಾಗಬಲ್ಲದು. ಅದರೊಳಗೆ ಇಟ್ಟಂಗಿ ಅಥವಾ ಸಿಮೆಂಟ್ ಬ್ಲಾಕಿನ ಗೋಡೆ ತುಂಬಿದರೆ, ಆ ಗೋಡೆ ಮೂಲೆಯಿಂದ ಮೂಲೆಗೆ ಆನಿಕೆಯಂತೆ ನಿಂತು ಬಾಗುವಿಕೆಯನ್ನು ತಡೆಯುತ್ತದೆ. ಎಲ್ಲ ಅಂತಸ್ತಿನಲ್ಲೂ, ಎರಡೂ ದಿಕ್ಕಿನಲ್ಲೂ ಗೋಡೆಗಳು ಸಮನಾಗಿದ್ದರೆ ಕಟ್ಟಡಕ್ಕೆ ಬಲ. ಮೇಲೆ ಮಾತ್ರ ಇದ್ದರೆ ಮೇಲಿನ ಅಂತಸ್ತುಗಳೆಲ್ಲ ಒಂದೇ ಗಟ್ಟಿ ಮುದ್ದೆಯಾಗಿ ಅಲುಗುತ್ತವೆ. ಬಾಗುವ ಕೆಲಸವೆಲ್ಲ ಕೆಳಗಿನ ಪಿಲ್ಲರ್‌ಗಳ ಪಾಲಿಗೆ ಬರುತ್ತದೆ. ತಲೆಯ ಮೇಲೆ ಜೋಳದ ಚೀಲ ಹೊತ್ತವನ ಮೊಣಕಾಲು ಸೋತಂತೆ ಆ ಪಿಲ್ಲರ್‌ಗಳ ತುದಿಗಳು ಒಡೆಯುತ್ತವೆ.

ಮೂಲೆ ನಿವೇಶನಗಳ ಕಷ್ಟ ಇನ್ನೂ ಒಂದು ಹೆಜ್ಜೆ ಮುಂದಿನದು. ರಸ್ತೆಯ ಕಡೆಯ ಎರಡು ಬದಿ ಶಟರ್, ಹಿಂದಿನ ಎರಡು ಬದಿ ಗಟ್ಟಿ ಗೋಡೆ ಇದ್ದರೆ ಕಟ್ಟಡ ಅಲುಗುವುದರ ಜೊತೆಗೆ ತಿರುಚಿಕೊಳ್ಳುತ್ತದೆ. ಗಾಳಿ-ಬೆಳಕಿಗೆಂದು ಪಿಲ್ಲರ್‌ಗಳ ನಡುವೆ ಅರ್ಧ ಎತ್ತರದ ಗೋಡೆ ಕಟ್ಟಿದರೆ, ಮೇಲೆ ಉಳಿದ ಗಿಡ್ಡ ಭಾಗದ ಮೇಲೆ ಒತ್ತಡವೆಲ್ಲ ಬಿದ್ದು ಅಲ್ಲೇ ಬಿರುಕು ಬಿಡುತ್ತದೆ. ಶಾಲೆ, ಗೋದಾಮುಗಳಲ್ಲಿ ಇಂಥ ಗೋಡೆ ಸಾಮಾನ್ಯ.

ನಿಯಮ ಇಲ್ಲವೆಂದಲ್ಲ. ಭೂಕಂಪ ನಿರೋಧಕ ವಿನ್ಯಾಸದ ಭಾರತೀಯ ಮಾನಕ ಐಎಸ್ 1893, ತೆರೆದ ನೆಲ ಅಂತಸ್ತಿನ ಪಿಲ್ಲರ್-ಬೀಮುಗಳನ್ನು ಲೆಕ್ಕಕ್ಕೆ ಬಂದ ಬಲದ ಎರಡೂವರೆ ಪಟ್ಟಿಗೆ ವಿನ್ಯಾಸ ಮಾಡಬೇಕೆಂದು 2002ರಲ್ಲಿ ಹೇಳಿತು. 2016ರ ಪರಿಷ್ಕರಣೆ ಗೋಡೆಗಳನ್ನು ಓರೆ ಆನಿಕೆಯಾಗಿ ಲೆಕ್ಕಕ್ಕೆ ಹಿಡಿಯುವ ವಿಧಾನವನ್ನೂ ಕೊಟ್ಟಿತು. ಆದರೆ ಸಣ್ಣ ಊರಿನ ಮನೆಯ ನಕ್ಷೆಯಲ್ಲಿ ಗೋಡೆ ಎಂದರೆ ಕೋಣೆಯ ಗಡಿ ಮಾತ್ರ. ಕೆಲಸ ಗೌಂಡಿಯ ರೂಢಿಯಂತೆ ಸಾಗುತ್ತದೆ.

ನಮ್ಮ ಸೀಮೆಗೆ ಭೂಕಂಪ ದೂರದ ಮಾತು ಎನ್ನುವಂತಿಲ್ಲ. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವಾರದ ಜನ ಸಾಲು ಕಂಪನಗಳಿಗೆ ಹೆದರಿ ಮನೆ ಬಿಟ್ಟು ಹೊರಗೆ ಮಲಗಿದರು. ಪಕ್ಕದ ವಿಜಯಪುರ ಜಿಲ್ಲೆಯಲ್ಲೂ ಈಚಿನ ವರ್ಷಗಳಲ್ಲಿ ಹಲವು ಬಾರಿ ಭೂಮಿ ಕಂಪಿಸಿದೆ.

ಪರಿಹಾರ ದುಬಾರಿಯೇನಲ್ಲ. ಮಳಿಗೆಯ ಹಿಂಬದಿಯಲ್ಲೂ ಪಕ್ಕದಲ್ಲೂ ಕೆಲವು ಗೋಡೆಗಳನ್ನು, ಸಾಧ್ಯವಾದರೆ ಕಂಬಿ ಹಾಕಿದ ಕಾಂಕ್ರೀಟ್ ಗೋಡೆಗಳನ್ನೇ, ಅಡಿಪಾಯದಿಂದ ತುದಿಯವರೆಗೆ ಒಂದೇ ಸಾಲಿನಲ್ಲಿ ಏರಿಸಬೇಕು. ಪಿಲ್ಲರಿನ ಮೇಲೆ-ಕೆಳಗೆ ರಿಂಗುಗಳನ್ನು ಒತ್ತಾಗಿ ಕಟ್ಟಿ, ಅವುಗಳ ತುದಿಯನ್ನು ಒಳಕ್ಕೆ ಬಗ್ಗಿಸಬೇಕು. ಬಾಡಿಗೆದಾರ ಕೇಳಿದನೆಂದು ಕೆಳಗಿನ ಗೋಡೆ ಒಡೆಯುವ ಮುನ್ನ ಎಂಜಿನಿಯರನ್ನು ಕೇಳಬೇಕು.

ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟವನ್ನು ಸಮುದ್ರಮಟ್ಟದಿಂದ 524 ಮೀಟರಿಗೆ ಏರಿಸಿದರೆ ಹಿನ್ನೀರು ಹರಡಿ ಬಾಗಲಕೋಟೆ ಜಿಲ್ಲೆಯಲ್ಲಿ ಇನ್ನಷ್ಟು ಊರುಗಳು ಎದ್ದು ಬೇರೆಡೆ ನೆಲೆಸಬೇಕಾಗುತ್ತದೆ, ಸಾವಿರಾರು ಮನೆಗಳು ಹೊಸದಾಗಿ ಏಳುತ್ತವೆ. ಆ ಮನೆಗಳ ಪರವಾನಗಿ ನೀಡುವಾಗ ನಗರಸಭೆ, ಪುರಸಭೆ, ಪಂಚಾಯಿತಿಗಳು ಒಂದು ಪ್ರಶ್ನೆಯನ್ನು ಕಡ್ಡಾಯ ಮಾಡಬೇಕು: ಮೇಲಿನ ಗೋಡೆಗಳಿಗೆ ಕೆಳಗೆ ಆಸರೆ ಏನು? ಅದಕ್ಕೆ ಎಂಜಿನಿಯರ್ ಸಹಿ ಹಾಕಿದ ಉತ್ತರ ಬರುವವರೆಗೆ ಪರವಾನಗಿ ಕೊಡಬಾರದು.