ಫ್ಯೂಸ್ ಎಂಬ ಕಾವಲುಗಾರ

ಆಯುಧಪೂಜೆಯ ದಿನ ಕಾರಿನ ಮುಂದೆ ಬೂದುಗುಂಬಳ ಒಡೆಯುತ್ತೇವೆ, ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಆದರೆ ವರ್ಷವಿಡೀ ಆ ಕಾರನ್ನು ಬೆಂಕಿಯಿಂದ ಕಾಯುವ ಪುಟ್ಟ ಫ್ಯೂಸನ್ನು ಮಾತ್ರ ಉಪದ್ರವವೆಂದು ಬಗೆಯುತ್ತೇವೆ. ಅದು ಎರಡು ಸಲ ಸುಟ್ಟರೆ ಸಾಕು, 10 ಆಂಪಿಯರಿನ ಕೆಂಪು ಫ್ಯೂಸಿನ ಜಾಗದಲ್ಲಿ 30ರ ಹಸಿರು ಫ್ಯೂಸನ್ನು ಸಿಕ್ಕಿಸುವವರೂ, ತಾಮ್ರದ ಎಳೆ ಸುತ್ತಿ ಕೈ ಒರೆಸಿಕೊಳ್ಳುವವರೂ ಇದ್ದಾರೆ. ಇದು ಕಾವಲುಗಾರನ ಕಣ್ಣು ಕಟ್ಟಿ ನಿದ್ದೆ ಹೋದಂತೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಫ್ಯೂಸ್ ಇರುವುದು ದೀಪವನ್ನೋ ಹಾರನ್ನನ್ನೋ ಉಳಿಸಲೆಂದು ಬಹಳ ಮಂದಿ ತಿಳಿದಿದ್ದಾರೆ. ಅದು ಮುಖ್ಯವಾಗಿ ಕಾಯುವುದು ತಂತಿಯನ್ನು. ತಂತಿ ತಾಳಬಲ್ಲಷ್ಟು ಪ್ರವಾಹಕ್ಕೆ ಅನುಗುಣವಾಗಿ ತಯಾರಕರು ಫ್ಯೂಸನ್ನು ಆರಿಸಿರುತ್ತಾರೆ. ಫ್ಯೂಸ್ ದೊಡ್ಡದಾಯಿತೆಂದರೆ ಮೊದಲು ಕರಗುವುದು ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ತಂತಿಯ ಪ್ಲಾಸ್ಟಿಕ್ ಹೊದಿಕೆ.

ನನ್ನ ವಿದ್ಯಾರ್ಥಿಗಳು ತರಗತಿಯಲ್ಲಿ ಮಾಡಿದ ಲೆಕ್ಕವನ್ನೇ ಇಲ್ಲಿ ನೆನೆಯಬಹುದು. ಮನೆಯ 230 ವೋಲ್ಟಿನಲ್ಲಿ 60 ವ್ಯಾಟಿನ ಬಲ್ಬು ಎಳೆಯುವುದು ಸುಮಾರು ಕಾಲು ಆಂಪಿಯರ್. ಕಾರಿನ 12 ವೋಲ್ಟಿನಲ್ಲಿ ಅದೇ 60 ವ್ಯಾಟಿಗೆ 5 ಆಂಪಿಯರ್ ಬೇಕು. ಎರಡು ಹೆಡ್‌ಲೈಟುಗಳಿಗೆ 10. ಹೆಚ್ಚು ಬೆಳಕಿನ ಆಸೆಯಿಂದ 100 ವ್ಯಾಟಿನ ಹ್ಯಾಲೊಜನ್ ಬಲ್ಬುಗಳನ್ನು ಹಾಕಿಸಿದರೆ ಅದು 16.7 ಆಂಪಿಯರಿಗೆ ಏರುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಪಾತವಾಗಿರುತ್ತದೆಂದು ಜೂಲ್ 1841ರಲ್ಲೇ ತೋರಿಸಿದ್ದಾನೆ. ಆದ್ದರಿಂದ ಪ್ರವಾಹ ಒಂದೂಮುಕ್ಕಾಲು ಪಟ್ಟು ಮುಟ್ಟುವ ಮೊದಲೇ ಶಾಖ ಸುಮಾರು 2.8 ಪಟ್ಟಾಗಿರುತ್ತದೆ. ಹೊದಿಕೆ ಕರಗಿ ತಂತಿಯು ಕಾರಿನ ಲೋಹದ ಮೈಗೆ ತಗುಲಿದರೆ ಶಾರ್ಟ್ ಸರ್ಕ್ಯೂಟ್. ಸ್ಟಾರ್ಟರ್ ಮೋಟಾರಿಗೆ ನೂರಕ್ಕೂ ಹೆಚ್ಚು ಆಂಪಿಯರ್ ಒದಗಿಸುವ ಬ್ಯಾಟರಿ ಆಗ ತನ್ನ ಶಕ್ತಿಯನ್ನೆಲ್ಲ ಆ ಬಡ ತಂತಿಯ ಮೇಲೆ ಸುರಿಯುತ್ತದೆ.

ಮಳೆಗಾಲದ ಘಾಟಿ ರಸ್ತೆಗಳಲ್ಲಿ ಸಂಚರಿಸುವವರಿಗೆ ಮಂಜುದೀಪ ಬೇಡವೆಂದು ನಾನು ಹೇಳಲಾರೆ. ಹಾಕಿಸುವುದಾದರೆ ಕ್ರಮವರಿತು ಹಾಕಿಸಿರಿ. ಹೊಸ ದೀಪಗಳಿಗೆ ತಕ್ಕಷ್ಟು ದಪ್ಪನೆಯ ಪ್ರತ್ಯೇಕ ತಂತಿ ಇರಲಿ. ರಿಲೇ ಇರಲಿ, ಆಗ ಸ್ವಿಚ್ಚಿನ ಮೂಲಕ ಅಲ್ಪ ಪ್ರವಾಹ ಮಾತ್ರ ಹರಿದು, ದೊಡ್ಡ ಪ್ರವಾಹ ಬೇರೆ ದಾರಿಯಲ್ಲಿ ಸಾಗುತ್ತದೆ. ಅದರದೇ ಫ್ಯೂಸ್ ಬ್ಯಾಟರಿಯ ಸಮೀಪದಲ್ಲೇ ಇರಲಿ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಇರುವ ತಂತಿಯನ್ನೇ ಸೀಳಿ, ಟೇಪು ಸುತ್ತಿ ಜೋಡಿಸುವುದಕ್ಕೆ ಒಪ್ಪಬೇಡಿರಿ.

“ಏನೂ ಆಗುವುದಿಲ್ಲ ಸಾರ್, ಎಲ್ಲರೂ ಹೀಗೇ ಹಾಕಿಸುತ್ತಾರೆ” ಎಂಬುದು ಅಂಗಡಿಗಳಲ್ಲಿ ಕೇಳಿಬರುವ ಸಮಾಧಾನ. ತಂತಿಗೆ ಬಹುಮತ ತಿಳಿಯದು. ಅದಕ್ಕೆ ತಿಳಿದಿರುವುದು ಪ್ರವಾಹವೊಂದೇ. ಫ್ಯೂಸ್ ಸುಟ್ಟಾಗ ಅದೇ ಅಳತೆಯದನ್ನು ಹಾಕಿರಿ. ಮತ್ತೆ ಸುಟ್ಟರೆ ದೋಷವೆಲ್ಲಿದೆಯೆಂದು ಹುಡುಕಿಸಿರಿ. ಕೆಲವೇ ರೂಪಾಯಿಗಳ ಆ ತುಂಡು ತಾನು ಸುಟ್ಟುಕೊಂಡು, ನಿಮ್ಮ ಹಿಂದಿನ ಸೀಟಿನಲ್ಲಿ ಮಲಗಿರುವ ಮಕ್ಕಳನ್ನು ಉಳಿಸುತ್ತದೆ.